ಮಳೆಪುಸ್ತಕಕ್ಕೊಂದು ಜಗಲಿ

ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ಆ ಹೊತ್ತಿಗೆ ನಾನು ಹಿರಿಯಡ್ಕದ ನಮ್ಮ ಮನೆಯಂಗಳದ ಮೂಲೆಯಲ್ಲಿ, ಹೆಗಲಿಗೆ ಕೊಡೆ ಆನಿಸಿಕೊಂಡು, ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿಯುತ್ತಿರುತ್ತೇನೆ. ಹವಾಮಾನ ಇಲಾಖೆಯ ಮಳೆಯ ದಿನ ಎಂಟೂವರೆಯಿಂದ ಎಂಟೂವರೆಗೆ. ಅಪ್ಪನೂ ಅದನ್ನೇ ಪಾಲಿಸುತ್ತಿದ್ದರು. ಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಹಾಗಾಗಿ 20 ಮಿಲಿಲೀಟರ್ ನೀರಿಗೆ 1 ಮಿಲಿಮೀಟರ್ ಮಳೆ. ಆಟಿಯ ಜಡಿಮಳೆಗೆ ಅಳತೆಪಾತ್ರೆಯನ್ನು ನಾಲ್ಕೈದು ಸಲ ತುಂಬಿ ಚೆಲ್ಲಬೇಕಾಗುತ್ತದೆ. ಎಷ್ಟನೆಯ ಸಲ ಎಂಬುದು ಮರೆತರೆ ಆ ದಿನದ ಲೆಕ್ಕ ಹಾಳು. ಅದಕ್ಕೆ ಅಪ್ಪ ಪ್ರತಿ ಸಲಕ್ಕೂ ಒಂದು ಅಡಿಕೆಯನ್ನು ಕಟ್ಟೆಯ ಮೇಲೆ ಇಡುತ್ತಿದ್ದರು. ನಾನೂ ಇಡುತ್ತೇನೆ.

ಅಪ್ಪನ ನೋಟುಪುಸ್ತಕಗಳು ಒಟ್ಟು ಹತ್ತೊಂಬತ್ತು. ಒರಲೆ ತಿಂದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಕಂಪ್ಯೂಟರಿಗೆ ಹತ್ತಿಸಿದೆ. ತಿಂಗಳ ಮೊತ್ತ ತೆಗೆಯಲು, ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ತುಳು ತಿಂಗಳುಗಳ ಪ್ರಕಾರವೂ ಪಟ್ಟಿ ಮಾಡಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಹೆಸರು ‘ಮಳೆಪುಸ್ತಕ’. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಪ್ರೋಗ್ರಾಂ ಬರೆಯುವುದು ರಾತ್ರಿ ಊಟವಾದ ಮೇಲಿನ ಚಾಳಿ. ಅದನ್ನು ಯಾರಿಗಾದರೂ ಕೊಡಬೇಕಾಗಿ ಬಂದೀತು ಎಂದು ಎಣಿಸಿರಲಿಲ್ಲ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಮಳೆ ಅಳೆದು ಬರೆದಿಡುವ ಅಡಿಕೆ ಕೃಷಿಕರು ಸಾಕಷ್ಟು ಜನ ಇದ್ದಾರೆ. ಅಪ್ಪನ ಪರಿಚಯದ ಸುಳ್ಯದ ಭಟ್ಟರು ಕೇಳಿದರು, ಅವರ ಭಾವ ಕೇಳಿದರು, ಪುತ್ತೂರಿನ ಒಬ್ಬ ನಿವೃತ್ತ ಮಾಸ್ತರರು ಕೇಳಿದರು. ವಾಟ್ಸ್‌ಆಪ್‌ನಲ್ಲಿ ಕಳಿಸಿದೆ.

ಒಂದು ವರ್ಷ ಕಳೆಯುವುದರೊಳಗೆ ಮೂವರ ಬಳಿ ಮೂರು ಆವೃತ್ತಿ. ಭಟ್ಟರ ಕಂಪ್ಯೂಟರಿನಲ್ಲಿ ಬಂದ ಸರಾಸರಿಯೂ ಅದೇ ಅಂಕಿಗಳಿಗೆ ಅವರ ಭಾವನ ಕಂಪ್ಯೂಟರಿನಲ್ಲಿ ಬಂದ ಸರಾಸರಿಯೂ ತಾಳೆಯಾಗಲಿಲ್ಲ. ಕಾರಣ ಸಣ್ಣದು: ಅಳೆಯದೆ ಬಿಟ್ಟ ದಿನವನ್ನು ನನ್ನ ಹಳೆಯ ಆವೃತ್ತಿ ಸೊನ್ನೆ ಎಂದು ಎಣಿಸುತ್ತಿತ್ತು. ಮಳೆಯೇ ಬಾರದ ದಿನ ಬೇರೆ, ಮನೆಯವರು ಮದುವೆಗೆ ಹೋಗಿ ಮಾಪಕ ನೋಡದ ದಿನ ಬೇರೆ. ಸರಿಪಡಿಸಿದ್ದೆ, ಆದರೆ ಸರಿಪಡಿಸಿದ್ದು ಎಲ್ಲರಿಗೂ ತಲುಪಿರಲಿಲ್ಲ. ಎಲ್ಲರೂ ಬಂದು ತೆಗೆದುಕೊಂಡು ಹೋಗುವ ಒಂದು ಜಾಗ ಬೇಕು ಎಂದು ಆಗ ಅನ್ನಿಸಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಗಿಟ್‌ಹಬ್‌ನಲ್ಲಿ ಖಾತೆ ತೆರೆದೆ. ಗಿಟ್ ಎಂಬ ಸಲಕರಣೆ ಪ್ರೋಗ್ರಾಂನ ಒಂದೊಂದು ಬದಲಾವಣೆಯನ್ನೂ ಬರೆದಿಡುತ್ತದೆ, ಗಿಟ್‌ಹಬ್ ಅದನ್ನೆಲ್ಲ ಎಲ್ಲರಿಗೂ ಕಾಣುವಂತೆ ಇಡುವ ಜಾಲತಾಣ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಸುಹಾಸ ಒಂದು ಭಾನುವಾರ ಕುಳಿತು ಕಲಿಸಿಕೊಟ್ಟ. ಸಂಜೆಯೊಳಗೆ ಮಳೆಪುಸ್ತಕ ಲೋಕಕ್ಕೆಲ್ಲ ಕಾಣುವಂತಾಯಿತು. ಅದರ ಜೊತೆಗೆ ನನ್ನ ಇಮೇಲ್ ಪಾಸ್‌ವರ್ಡ್ ಕೂಡ.

ತಿಂಗಳ ಕೊನೆಗೆ ಪಟ್ಟಿಯನ್ನು ತಾನಾಗಿ ಮೈಲ್ ಮಾಡುವ ಸಣ್ಣ ತುಣುಕೊಂದು ಪ್ರೋಗ್ರಾಂನಲ್ಲಿತ್ತು. ಪಾಸ್‌ವರ್ಡನ್ನು ಅದರಲ್ಲೇ ಬರೆದಿದ್ದೆ. ಮನೆಯ ಕಂಪ್ಯೂಟರಿನಲ್ಲಿ ಇರುವಷ್ಟು ದಿನ ಅದು ಕಣ್ಣಿಗೆ ಚುಚ್ಚಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ನೆನಪಾಗಿ ಎದ್ದು ಕುಳಿತು, ಆ ಸಾಲನ್ನು ಅಳಿಸಿ, ಮತ್ತೆ ಕಳಿಸಿ ಮಲಗಿದೆ. ಮರುದಿನ ಸುಹಾಸ ಫೋನಿನಲ್ಲಿ ನಕ್ಕ. “ಚಿಕ್ಕಮ್ಮ, ನೀವು ಅಳಿಸಿದ್ದು ಇವತ್ತಿನ ಪುಟದಲ್ಲಿ. ನಿನ್ನೆಯ ಪುಟ ಹಾಗೆಯೇ ಇದೆ. ಗಿಟ್ ಲಾಗ್ ಹೈಫನ್ ಪಿ ಎಂದು ಕೊಟ್ಟು ನೋಡಿ.” ಕೊಟ್ಟೆ. ಯಾವ ಸಾಲನ್ನು ಯಾವಾಗ ತೆಗೆದೆ ಎಂಬುದನ್ನು ಕೆಂಪು ಅಕ್ಷರದಲ್ಲಿ, ಪಾಸ್‌ವರ್ಡ್ ಸಮೇತ, ಇನ್ನಷ್ಟು ಎದ್ದು ಕಾಣುವಂತೆ ತೋರಿಸಿತು.

ಲೆಕ್ಕ ಬರೆಯುವವಳಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ದಿನವಹಿಯಲ್ಲಿ ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಮೊತ್ತವನ್ನು ‘ಮುಂದೆ ತಂದದ್ದು’ ಎಂದು ಬರೆಯುತ್ತೇವೆ. ಹತ್ತನೆಯ ಪುಟದ ಒಂದು ಅಂಕಿಯನ್ನು ಗುಟ್ಟಾಗಿ ತಿದ್ದಿದರೆ ಹನ್ನೊಂದರಿಂದ ಮುಂದಿನ ಎಲ್ಲ ಪುಟಗಳ ತಲೆಯಂಕಿಯೂ ತಪ್ಪಾಗುತ್ತದೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕೆಲಸಕ್ಕಾಗಿ ಬರೆದ ಈ ಗಿಟ್ ಕೂಡ ಅಂಥದೇ ದಿನವಹಿ. ಪ್ರತಿ ದಾಖಲೆಗೂ 40 ಅಕ್ಷರಗಳ ಒಂದು ಹೆಸರು. ಆ ಹೆಸರನ್ನು ಲೆಕ್ಕ ಹಾಕುವಾಗ ಅದರ ಹಿಂದಿನ ದಾಖಲೆಯ ಹೆಸರೂ ಸೇರಿಕೊಳ್ಳುತ್ತದೆ. ಹಳೆಯದನ್ನು ತಿದ್ದಬಹುದು, ಅದಕ್ಕೂ ಸಲಕರಣೆಗಳಿವೆ, ಆದರೆ ಅಲ್ಲಿಂದ ಮುಂದಿನ ಎಲ್ಲ ಹೆಸರುಗಳೂ ಬದಲಾಗುತ್ತವೆ. ಅಷ್ಟರಲ್ಲಿ ಯಾರಾದರೂ ಪ್ರತಿ ತೆಗೆದುಕೊಂಡಿದ್ದರೆ ಅವರ ಬಳಿ ಹಳೆಯದು ಹಾಗೆಯೇ ಇರುತ್ತದೆ. ಹೊರಗೆ ಹೋದ ಪಾಸ್‌ವರ್ಡಿಗೆ ಮದ್ದು ಒಂದೇ: ಬದಲಿಸುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಮ್ಮ ಹೇಳುತ್ತಿದ್ದರು. ನನ್ನದು ಅಡಿಕೆಯ ಲೆಕ್ಕದಲ್ಲೇ ಹೋಯಿತು. ಈಗ ಗುಟ್ಟುಗಳೆಲ್ಲ ಬೇರೆ ಕಡತದಲ್ಲಿವೆ. ಆ ಕಡತವನ್ನು ಮುಟ್ಟಬಾರದು ಎಂದು ಗಿಟ್‌ಗೆ ಮೊದಲ ದಿನವೇ ಬರೆದು ಹೇಳಿರಬೇಕು, ಎರಡನೆಯ ದಿನವಲ್ಲ.

ತಪ್ಪು ನನ್ನದು, ಗಿಟ್‌ಹಬ್‌ನದಲ್ಲ. ಅಲ್ಲಿ ನನಗೆ ಮುಖ್ಯವಾಗಿ ಬೇಸರ ತಂದದ್ದು ಬೇರೆ. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡನೆಯ ಬೀಗ ಕಡ್ಡಾಯವಾಯಿತು, ಅದು ಒಳ್ಳೆಯದೇ. ಆದರೆ ಆ ಬೀಗದ ಕೈ ನನ್ನ ಮೊಬೈಲಿನಲ್ಲಿತ್ತು, ಮೊಬೈಲ್ ಬಾವಿಗೆ ಬಿತ್ತು. ಬರೆದಿಟ್ಟ ತುರ್ತು ಸಂಖ್ಯೆಗಳನ್ನು ಹುಡುಕಲು ಮೂರು ದಿನ ಹಿಡಿಯಿತು, ಸಿಕ್ಕಿದ್ದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ. ಜೊತೆಗೆ ಸುಹಾಸ ನನ್ನಲ್ಲಿ ಇನ್ನೊಂದು ಹುಳ ಬಿಟ್ಟ. ಗೂಗಲ್ ಕೋಡ್ ಎಂಬ ಇಂಥದೇ ಜಾಗ ಇತ್ತು, 2016ರಲ್ಲಿ ಮುಚ್ಚಿತು. ಗಿಟೋರಿಯಸ್ ಎಂಬುದು 2015ರಲ್ಲಿ ಹೋಯಿತು. ಗಿಟ್‌ಹಬ್ ಕೂಡ 2018ರಲ್ಲಿ ಮೈಕ್ರೋಸಾಫ್ಟ್ ಕೈಗೆ ಬಂತು. “ನಮ್ಮದೇ ಸರ್ವರ್ ಮಾಡೋಣ ಚಿಕ್ಕಮ್ಮ” ಎಂದ. ಹುಡುಗರ ಮಾತು ಕೇಳಬಾರದು ಎಂದಲ್ಲ, ಆದರೆ ಹುಡುಗರಿಗೆ ಪರೀಕ್ಷೆ ಬರುತ್ತದೆ ಎಂಬುದು ನೆನಪಿರಬೇಕು.

ಮನೆಯಲ್ಲೇ ರಾಸ್ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರೊಂದನ್ನು ಇಡುವ ಯೋಚನೆ ಒಂದೇ ವಾರ ಬದುಕಿತು. ನಮ್ಮ ಇಂಟರ್‌ನೆಟ್ ಸಂಪರ್ಕದಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ. ಹೊರಗಿನವರು ನಮ್ಮ ಮನೆಯ ಯಂತ್ರವನ್ನು ನೇರವಾಗಿ ತಲುಪುವಂತಿಲ್ಲ. ಮೇ ತಿಂಗಳ ಸಿಡಿಲಂತೂ ಇದ್ದೇ ಇದೆ. ಆಕಾಶ ಗುಡುಗಿದ ಕೂಡಲೇ ಮೋಡೆಮ್‌ನ ತಂತಿ ಕೀಳುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಶಿಸ್ತು. ತಂತಿ ಕಿತ್ತ ಸರ್ವರ್ ಯಾರಿಗೆ ಬೇಕು?

ಬಾಡಿಗೆಗೆ ಒಂದು ಸಣ್ಣ ಸರ್ವರ್ ತೆಗೆದುಕೊಂಡೆವು, 1 ಜಿಬಿ ನೆನಪಿನದು. ಸುಹಾಸ ಮೊದಲು, ಗಿಟ್‌ಹಬ್‌ನಂಥ ತಾಣವನ್ನು ನಮ್ಮದೇ ಸರ್ವರಿನಲ್ಲಿ ನಡೆಸಲು ಬರುವ ಗಿಟ್‌ಲ್ಯಾಬ್ ಹಾಕಲು ಹೊರಟ. ಅದು ಕನಿಷ್ಠ 4 ಜಿಬಿ ಕೇಳುತ್ತಿತ್ತು. ಗುಬ್ಬಿಗೂಡಿಗೆ ಆನೆ ಕಟ್ಟಿದ ಹಾಗಾಯಿತು. ನೂರು ಜನರ ಕಚೇರಿಗೆ ಬೇಕಾದ ಸೌಲಭ್ಯಗಳೆಲ್ಲ ಅದರಲ್ಲಿವೆ, ಮತ್ತು ಪ್ರತಿ ಸೌಲಭ್ಯವೂ ಒಂದೊಂದು ಬಾಗಿಲು. 2021ರಲ್ಲಿ ಅದರಲ್ಲಿ ಒಂದು ಗಂಭೀರ ದೋಷ ಹೊರಬಿತ್ತು: ಅಪ್‌ಲೋಡ್ ಮಾಡಿದ ಚಿತ್ರಗಳನ್ನು ಪರಿಶೀಲಿಸುವ ಭಾಗದ ಮೂಲಕ, ಲಾಗಿನ್ ಕೂಡ ಆಗದವರು, ಇಡೀ ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು. ಮಳೆಪುಸ್ತಕದಲ್ಲಿ ಒಂದೇ ಒಂದು ಚಿತ್ರವಿಲ್ಲ. ನನಗೆ ಬೇಡದ ಬಾಗಿಲಿನ ಬೀಗವನ್ನು ನಾನೇ ಕಾಯಬೇಕು ಎಂಬುದು ಯಾವ ನ್ಯಾಯ?

ಕೊನೆಗೆ ಗಿಟೀ ಎಂಬ ಹಗುರದ್ದನ್ನು ಹಾಕಿದೆವು. ಅದರ ವಂಶಾವಳಿ ನಮ್ಮೂರ ಕುಟುಂಬಗಳ ಹಿಸ್ಸೆಯಂತೆಯೇ ಇದೆ: ಗಾಗ್ಸ್ ಎಂಬ ಮೂಲಮನೆಯಿಂದ 2016ರಲ್ಲಿ ಗಿಟೀ ಬೇರೆಯಾಯಿತು, ಗಿಟೀಯಿಂದ 2022ರಲ್ಲಿ ಫಾರ್ಜೆಯೊ ಬೇರೆಯಾಯಿತು. ಯಾವುದೂ ಕೆಟ್ಟದ್ದಲ್ಲ. ಕೆಟ್ಟದ್ದು ಕಾಯಲು ಕುಳಿತವಳ ಪುರುಸೊತ್ತು.

ಸಂಜೆ ಚಹಾ ಕುಡಿಯುತ್ತ ಸರ್ವರಿನ ಲಾಗಿನ್ ದಾಖಲೆ ಓದುವುದು ನನಗೆ ಹೊಸ ಧಾರಾವಾಹಿಯಾಯಿತು. ರೂಟ್ ಎಂಬ ಹೆಸರಿನಲ್ಲಿ ಬಾಗಿಲು ತಟ್ಟಿದವರು, ಅಡ್ಮಿನ್, ಟೆಸ್ಟ್, ಉಬುಂಟು, ಒರೇಕಲ್, ಪೈ. ದಿನವಿಡೀ, ನಿಮಿಷಕ್ಕೊಬ್ಬರು. ಯಾರಿಗೂ ಹಿರಿಯಡ್ಕದ ಮಳೆ ಬೇಕಾಗಿರಲಿಲ್ಲ. ಊರೂರು ಸುತ್ತುತ್ತ ಪ್ರತಿ ಮನೆಯ ಚಿಲಕ ಅಲುಗಿಸಿ ನೋಡುವ ಯಂತ್ರಗಳವು. ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀಲಿಕಡತ ಇದ್ದವರಿಗೆ ಮಾತ್ರ ಪ್ರವೇಶ ಎಂದು ಮಾಡಿದೆವು. ತಟ್ಟುವುದು ನಿಲ್ಲಲಿಲ್ಲ, ಹೆದರಿಕೆ ನಿಂತಿತು.

ಹೆದರಿಕೆ ಮತ್ತೆ ಬಂದದ್ದು 2024ರ ಮಾರ್ಚ್ 29ಕ್ಕೆ. ಅಂದು ಗುಡ್‌ಫ್ರೈಡೇ. ಸಹಕಾರಿ ಸಂಘದವರಿಗೆ ಮಾರ್ಚ್ ಕೊನೆಯ ವಾರ ಎಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ. ರಜೆಯ ದಿನವೂ ಮೇಜಿನ ಮೇಲೆ ವರ್ಷಾಂತ್ಯದ ಲೆಕ್ಕ ಹರಡಿಕೊಂಡಿತ್ತು. ರಾತ್ರಿ ಸುಹಾಸನ ಫೋನು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧಾರಣ ಸಲಕರಣೆಯೊಳಗೆ ಯಾರೋ ವರ್ಷಗಟ್ಟಲೆ ನಂಬಿಕೆ ಗಳಿಸಿ ಕಳ್ಳಬಾಗಿಲು ಇಟ್ಟಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಒಬ್ಬ ಇಂಜಿನಿಯರ್ ಅದನ್ನು ಹಿಡಿದರು. ನಮ್ಮ ಸರ್ವರಿನಲ್ಲಿದ್ದದ್ದು ಡೆಬಿಯನ್ ಎಂಬ ಲಿನಕ್ಸ್‌ನ ಸ್ಥಿರ ಆವೃತ್ತಿ, ದೋಷವಿದ್ದ 5.6.0 ಮತ್ತು 5.6.1 ಅಲ್ಲಿಗೆ ಬಂದೇ ಇರಲಿಲ್ಲ. ಇಷ್ಟು ಖಚಿತ ಮಾಡಿಕೊಳ್ಳುವಾಗ ರಾತ್ರಿ ಒಂದು ಗಂಟೆ. ಎದುರಿಗೆ ತಾಳೆಯಾಗದ 37 ರೂಪಾಯಿ. ಅರ್ಧ ಸೆಕೆಂಡನ್ನು ಗಮನಿಸಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ; ಮೂವತ್ತೇಳು ರೂಪಾಯಿಗೆ ನಿದ್ದೆಗೆಡುವವರ ಜಾತಿ ಅದು.

ಅದಾದ ಮೇಲೆ ಇನ್ನೊಂದು ಪ್ರಮಾದ. ಹೊಸಬರು ಖಾತೆ ತೆರೆಯಬಹುದು ಎಂಬ ಆಯ್ಕೆಯನ್ನು ಮುಚ್ಚಲು ಮರೆತಿದ್ದೆ. ನಾಲ್ಕು ತಿಂಗಳ ನಂತರ ನೋಡಿದರೆ ನನ್ನ ಮಳೆಪುಸ್ತಕದ ಮನೆಯಲ್ಲಿ ಮುನ್ನೂರು ಚಿಲ್ಲರೆ ಒಕ್ಕಲುಗಳು. ಜೂಜಿನ ಜಾಹೀರಾತು, ತೂಕ ಇಳಿಸುವ ಗುಳಿಗೆ, ಯಾವುದೋ ದೇಶದ ಬೀಗ ರಿಪೇರಿಯವರು. ಒಂದು ಭಾನುವಾರ ಪೂರ್ತಿ ಒಕ್ಕಲೆಬ್ಬಿಸಿದೆ.

2025ರ ಜನವರಿಯಲ್ಲಿ ಭಟ್ಟರ ಫೋನು, “ಅಮ್ಮಾ, ನಿಮ್ಮ ಅಂಗಡಿ ತೆರೆಯುವುದೇ ಇಲ್ಲವಲ್ಲ.” ಸರ್ವರ್ ಏದುಸಿರು ಬಿಡುತ್ತಿತ್ತು. ದಾಖಲೆ ತೆರೆದರೆ ಯಾವುದೋ ಯಂತ್ರಗಳು ಪುಟ ಪುಟವನ್ನೂ ಬಾಚಿಕೊಳ್ಳುತ್ತಿದ್ದವು. ನನ್ನ ಪ್ರೋಗ್ರಾಂನಲ್ಲಿ ಇರುವುದು ಮೂವತ್ತು ಕಡತ, ಸುಮಾರು ನಾನೂರು ದಾಖಲೆ. ಇಷ್ಟು ಸಣ್ಣದಕ್ಕೆ ಏನು ಬಾಚುವುದು ಎನ್ನಬಹುದು. ಆದರೆ ಈ ಬಗೆಯ ಸರ್ವರ್ ಪ್ರತಿ ಕಡತದ ಪ್ರತಿ ಹಂತವನ್ನೂ ಕೇಳಿದ ಕೂಡಲೇ ಪುಟ ಮಾಡಿಕೊಡುತ್ತದೆ: ಯಾವ ಸಾಲು ಯಾವಾಗ ಬಂತು, ಈ ಹಂತಕ್ಕೂ ಆ ಹಂತಕ್ಕೂ ವ್ಯತ್ಯಾಸವೇನು ಎಂದೆಲ್ಲ. ಮೂವತ್ತನ್ನು ನಾನೂರರಿಂದ ಗುಣಿಸಿದರೆ ಹನ್ನೆರಡು ಸಾವಿರ. ಹೋಲಿಕೆಯ ಪುಟಗಳನ್ನು ಸೇರಿಸಿದರೆ ಲಕ್ಷ ದಾಟುತ್ತದೆ. ಇದ್ದದ್ದು ಒಂದು ನೋಟುಪುಸ್ತಕ, ಆದರೆ ಗುಮಾಸ್ತನೊಬ್ಬ ಕೇಳಿದವರಿಗೆಲ್ಲ ಹೊಸ ಹೊಸ ನಕಲು ಬರೆದು ಕೊಡುತ್ತಲೇ ಇದ್ದ. ಅದೇ ವರ್ಷದ ಮಾರ್ಚ್‌ನಲ್ಲಿ, ಗಿಟ್‌ಹಬ್‌ನಂಥದೇ ತಾಣವಾದ ಸೋರ್ಸ್‌ಹಟ್ ನಡೆಸುವ ಡ್ರೂ ಡಿವಾಲ್ಟ್ ತಮ್ಮ ಸಮಯದ ದೊಡ್ಡ ಪಾಲನ್ನು ಇಂಥ ಬಾಚುಯಂತ್ರಗಳೇ ನುಂಗುತ್ತಿವೆ ಎಂದು ಬರೆದದ್ದನ್ನು ಓದಿದೆ. ವೃತ್ತಿಯವರ ಪಾಡೇ ಅದಾದರೆ ನನ್ನ 1 ಜಿಬಿಯ ಗತಿ ಏನು?

ಆ ಹೊತ್ತಿಗಾಗಲೇ ನಾನು ಗುಮಾಸ್ತನನ್ನು ಮನೆಗೆ ಕಳಿಸಿದ್ದೆ.

ಸಂಘದಲ್ಲಿ ಸಂಜೆ ತಿಜೋರಿ ಮುಚ್ಚುವಾಗ ಇಬ್ಬರ ಕೈಯಲ್ಲಿ ಎರಡು ಕೀಲಿ. ಮುಚ್ಚಿದ ಮೇಲೆ ಹಿರಿಯ ಮ್ಯಾನೇಜರರು ಒಮ್ಮೆ ಕೌಂಟರಿನ ಮೇಲೆ ಕೈಯಾಡಿಸಿ ನೋಡುತ್ತಿದ್ದರು, ಏನಾದರೂ ಹೊರಗೆ ಉಳಿಯಿತೇ ಎಂದು. ನಾನು ಸರ್ವರಿನ ಮುಂದೆ ಅದೇ ಪ್ರಶ್ನೆ ಕೇಳಿಕೊಂಡೆ: ನಾನು ಮಲಗಿದ ಮೇಲೆ ಇಲ್ಲಿ ಏನೇನು ಎಚ್ಚರವಾಗಿರುತ್ತದೆ? ಡೇಟಾಬೇಸ್, ಲಾಗಿನ್ ಪುಟ, ಪುಟ ಮಾಡಿಕೊಡುವ ಪ್ರೋಗ್ರಾಂ, ಹೊರಗಿನವರು ಬರೆಯಬಹುದಾದ ಜಾಗಗಳು. ಇವುಗಳಲ್ಲಿ ಭಟ್ಟರಿಗೆ ಬೇಕಾದದ್ದು ಯಾವುದು? ಒಂದೂ ಇಲ್ಲ. ಅವರಿಗೆ ಬೇಕಾದದ್ದು ಕಡತಗಳು. ಹಳೆಯ ಮನೆಗಳ ಜಗಲಿಯಲ್ಲಿ ಮಜ್ಜಿಗೆಯ ಪಾತ್ರೆ ಇಡುತ್ತಿದ್ದರಲ್ಲ, ದಾರಿಹೋಕರು ಕುಡಿದು ಹೋಗಲಿ ಎಂದು? ಒಳಗಿನ ಬಾಗಿಲು ಹಾಕಿದ್ದರೂ ಮಜ್ಜಿಗೆ ಸಿಗುತ್ತಿತ್ತು.

ಗಿಟ್‌ನಲ್ಲಿ ಅದಕ್ಕೊಂದು ಹಳೆಯ ದಾರಿ ಇದೆ. ಅದರ ಕೈಪಿಡಿಯೇ ಅದನ್ನು ‘ಡಂಬ್’, ಅಂದರೆ ಪೆದ್ದ ಕ್ರಮ ಎಂದು ಕರೆಯುತ್ತದೆ. ಪೆದ್ದ ಯಾಕೆಂದರೆ ಸರ್ವರ್‌ಗೆ ಗಿಟ್ ಎಂದರೆ ಏನೆಂದೇ ಗೊತ್ತಿರಬೇಕಾಗಿಲ್ಲ. ಯಾವ ಕಡತ ಕೇಳಿದರೆ ಆ ಕಡತ ಕೊಟ್ಟರೆ ಸಾಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಬೇರ್’ ಪ್ರತಿಯೊಂದು ಇದೆ, ಎಂದರೆ ಕೆಲಸದ ಕಡತಗಳಿಲ್ಲದೆ ಬರೀ ದಿನವಹಿ. ನಾನು ಅದಕ್ಕೆ ಹೊಸದನ್ನು ತಳ್ಳಿದಾಗಲೆಲ್ಲ ಪೋಸ್ಟ್-ಅಪ್‌ಡೇಟ್ ಎಂಬ ಕೊಕ್ಕೆ, ಎಂದರೆ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ, ಅಪ್‌ಡೇಟ್-ಸರ್ವರ್-ಇನ್ಫೊ ಎಂಬ ಆಜ್ಞೆಯನ್ನು ಓಡಿಸುತ್ತದೆ. ಅದು ಯಾವ ಶಾಖೆ ಎಲ್ಲಿದೆ, ಯಾವ ಪೊಟ್ಟಣಗಳಿವೆ ಎಂದು ಎರಡು ಸಣ್ಣ ಪಟ್ಟಿ ಬರೆದಿಡುತ್ತದೆ. ಸ್ಟಾಗಿಟ್ ಎಂಬ ಪುಟ್ಟ ಸಲಕರಣೆ ಕಣ್ಣಲ್ಲಿ ನೋಡಲು ಬೇಕಾದ ಪುಟಗಳನ್ನು ಒಮ್ಮೆಗೇ ಬರೆದು ಮುಗಿಸುತ್ತದೆ. ಆರ್‌ಸಿಂಕ್ ಎರಡನ್ನೂ ಮಾಮೂಲಿ ಕಡತಜಾಗಕ್ಕೆ ನಕಲು ಮಾಡುತ್ತದೆ. ಆ ಜಾಗವನ್ನು ನೋಡಿಕೊಳ್ಳುವವರು ಬೇರೆಯವರು. ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ನವೀಕರಣವೂ ಅವರದೇ ತಲೆನೋವು. ಗಿಟೀ ಹೋಯಿತು, ಬಾಡಿಗೆ ಸರ್ವರ್ ಹೋಯಿತು, ಚಹಾದ ಜೊತೆಗಿನ ಧಾರಾವಾಹಿಯೂ ಹೋಯಿತು. ಬಾಚುಯಂತ್ರಗಳು ಈಗಲೂ ಬರುತ್ತಿರಬಹುದು. ಬರೆದಿಟ್ಟ ಕೆಲವು ನೂರು ಪುಟಗಳನ್ನು ಬಾಚಿದ ಮೇಲೆ ಬಾಚಲು ಇನ್ನೇನೂ ಇಲ್ಲ.

ಪೆದ್ದನಿಗೂ ಪೆದ್ದನ ಕೊರತೆಗಳಿವೆ. ಇತಿಹಾಸವೆಲ್ಲ ಬೇಡ, ಇವತ್ತಿನದಷ್ಟೇ ಕೊಡು ಎಂದರೆ ಇದರಿಂದ ಆಗುವುದಿಲ್ಲ, ಪೂರ್ತಿಯೇ ಇಳಿಸಿಕೊಳ್ಳಬೇಕು. ಹುಡುಕುವ ಸೌಲಭ್ಯ ಇಲ್ಲ. ಆ ಕೊಕ್ಕೆಯ ಮಾದರಿ ಗಿಟ್‌ನಲ್ಲೇ ಸಿದ್ಧವಾಗಿರುತ್ತದೆ, ಆದರೆ ಹೆಸರಿನ ಕೊನೆಯ ‘ಸ್ಯಾಂಪಲ್’ ಎಂಬುದನ್ನು ತೆಗೆಯದಿದ್ದರೆ ಅದು ಓಡುವುದೇ ಇಲ್ಲ. ನಾನು ತೆಗೆದಿರಲಿಲ್ಲ. ಎರಡು ವಾರ ಭಟ್ಟರು ಹಳೆಯದನ್ನೇ ಇಳಿಸಿಕೊಂಡು “ಏನೂ ಬದಲಾಗಿಲ್ಲವಲ್ಲ ಅಮ್ಮಾ” ಎನ್ನುತ್ತಿದ್ದರು, ನಾನು “ಸರಿಯಾಗಿ ನೋಡಿ” ಎನ್ನುತ್ತಿದ್ದೆ. ಇನ್ನೊಂದು ಎಚ್ಚರಿಕೆ ಬೇಕಾದದ್ದು: ಕೆಲಸ ಮಾಡುವ ಕಡತಕೋಶವನ್ನೇ ಇಡಿಯಾಗಿ ಹೊರಗೆ ನಕಲು ಮಾಡಬಾರದು. ಅದರೊಳಗಿನ ಸಂರಚನೆ ಕಡತದಲ್ಲಿ ಕೆಲವೊಮ್ಮೆ ವಿಳಾಸದ ಜೊತೆ ಗುಪ್ತಪದವೂ ಕುಳಿತಿರುತ್ತದೆ. ಒಮ್ಮೆ ಸುಟ್ಟುಕೊಂಡವಳು ನಾನು, ಮಜ್ಜಿಗೆಯನ್ನೂ ಊದಿ ಕುಡಿಯುತ್ತೇನೆ.

ತಿದ್ದುಪಡಿ ಕಳಿಸುವವರು ಮೈಲ್‌ನಲ್ಲಿ ಕಳಿಸುತ್ತಾರೆ, ಫಾರ್ಮ್ಯಾಟ್-ಪ್ಯಾಚ್ ಎಂಬ ಆಜ್ಞೆಯಿಂದ ಮಾಡಿದ, ಬದಲಾದ ಸಾಲುಗಳನ್ನು ತೋರಿಸುವ ಕಡತವಾಗಿ. ಈವರೆಗೆ ಬಂದದ್ದು ಎರಡೇ. ಅದರಲ್ಲಿ ಒಂದು ಪುತ್ತೂರಿನ ಮಾಸ್ತರರದ್ದು, ಚಿನ್ನದಂಥದ್ದು. ತುಳು ತಿಂಗಳುಗಳು ಸೂರ್ಯನ ಸಂಕ್ರಮಣದ ಮರುದಿನ ಶುರುವಾಗುತ್ತವೆ. ನಾನು ಸೋಮಾರಿತನದಿಂದ ಎಲ್ಲಕ್ಕೂ ಮೂವತ್ತು, ಮೂವತ್ತೊಂದು ಎಂದು ಹಾಕಿದ್ದೆ. ಸೌರ ತಿಂಗಳಿಗೆ 29ರಿಂದ 32 ದಿನಗಳವರೆಗೂ ಇರಬಹುದು, ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಸಾಗುವುದರಿಂದ ಆಚೀಚಿನ ತಿಂಗಳುಗಳು ಉದ್ದ ಎಂದು ಅವರು ಮೈಲ್‌ನಲ್ಲೇ ಪಾಠ ಮಾಡಿದ್ದರು. ಮಳೆ ಹೆಚ್ಚು ಬೀಳುವ ತಿಂಗಳಲ್ಲೇ ನಾನು ಒಂದು ದಿನ ಕದಿಯುತ್ತಿದ್ದೆ.

ಇದು ಎಲ್ಲರಿಗೂ ಆಗುವ ದಾರಿಯಲ್ಲ. ಹತ್ತು ಜನ ಸೇರಿ ಬರೆಯುವ ಪ್ರೋಗ್ರಾಂ ಆದರೆ ಗಿಟ್‌ಹಬ್ ಬಿಟ್ಟು ಹೋಗಬೇಡಿ, ಅಥವಾ ಬರ್ಲಿನ್‌ನ ಲಾಭರಹಿತ ಸಂಘವೊಂದು ನಡೆಸುವ ಕೋಡ್‌ಬರ್ಗ್ ನೋಡಿ ಎಂದೇ ನಾನು ಹೇಳುತ್ತೇನೆ. ನಾನೂ ಗಿಟ್‌ಹಬ್ ಖಾತೆಯನ್ನು ಅಳಿಸಿಲ್ಲ. ಅಲ್ಲಿ ಒಂದು ನಕಲು ಇದೆ. ತಿಂಗಳಿಗೊಮ್ಮೆ ಗಿಟ್ ಬಂಡಲ್ ಆಜ್ಞೆಯಿಂದ ಇಡೀ ದಿನವಹಿಯನ್ನು ಒಂದೇ ಕಡತ ಮಾಡಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಮಳೆಗಾಲದ ಬೂಷ್ಟಿಗೆ ಹೆದರಿ ಅದು ಅಕ್ಕಿಡಬ್ಬಿಯೊಳಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿದೆ. ಮನೆಯವರಿಗೆ ಹೇಳಿದ್ದೇನೆ, ಅಕ್ಕಿ ತೊಳೆಯುವ ಮುಂಚೆ ನೋಡಿ ಎಂದು.

ಅದು ನನ್ನಿಂದಲೇ ಬಂದದ್ದು ಎಂದು ತಿಳಿಯಲಿ ಎಂದು ಪ್ರತಿ ಆವೃತ್ತಿಗೂ ಎಸ್‌ಎಸ್‌ಎಚ್ ಎಂಬ ಬಗೆಯ ಕೀಲಿಕಡತದಿಂದ ಸಹಿ ಹಾಕುತ್ತೇನೆ. 2021ರ ಕೊನೆಗೆ ಬಂದ 2.34ನೆಯ ಆವೃತ್ತಿಯಿಂದ ಗಿಟ್‌ನಲ್ಲಿ ಅದಕ್ಕೆ ಅನುಕೂಲವಿದೆ. ಕಳೆದ ವಾರ ಹೊಸ ಆವೃತ್ತಿ ಹಾಕಿ ಭಟ್ಟರಿಗೆ ಫೋನು ಮಾಡಿ, ಕೀಲಿಯ ಬೆರಳಗುರುತನ್ನು, ಎಂದರೆ ಅದನ್ನು ಗುರುತಿಸುವ ಅಕ್ಷರಗಳ ಸಾಲನ್ನು, ಓದುತ್ತೇನೆ, ನಿಮ್ಮಲ್ಲಿರುವುದರ ಜೊತೆ ತಾಳೆ ನೋಡಿ ಎಂದೆ. ಆರು ಅಕ್ಷರ ಓದುವಷ್ಟರಲ್ಲಿ ಅವರಿಗೆ ಸಾಕಾಯಿತು.

“ನಿಮ್ಮ ದನಿ ನನಗೆ ಗೊತ್ತಿಲ್ಲವೇ ಅಮ್ಮಾ? ಇಳಿಸಿಕೊಂಡಿದ್ದೇನೆ, ಸರಿಯಾಗಿ ಓಡುತ್ತಿದೆ. ಅದಿರಲಿ, ಇವತ್ತು ಬೆಳಿಗ್ಗೆ ನಿಮ್ಮಲ್ಲಿ ಎಷ್ಟು?”

“112.”

“ನಮ್ಮಲ್ಲಿ 140” ಎಂದರು ಭಟ್ಟರು, ತಾವೇ ಸುರಿಸಿದ ಹಾಗೆ.